ದೀಪದ ಕೀಲಿ ಯಾರ ಕೈಯಲ್ಲಿ?

ಮನೆಯ ಮಾಡಿನ ಮೇಲೆ ಸೌರಫಲಕ ಕೂರಿಸುವುದು ಇಂದು ಕೇವಲ ಶ್ರೀಮಂತರ ಷೋಕಿಯಾಗಿ ಉಳಿದಿಲ್ಲ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಒಂದು ಕೋಟಿ ಮನೆಗಳ ಛಾವಣಿಗೆ ಸೌರವಿದ್ಯುತ್ತನ್ನು ತರುವ ಉದ್ದೇಶದಿಂದ ‘ಪಿ.ಎಂ. ಸೂರ್ಯಘರ್’ ಯೋಜನೆಯನ್ನು ಆರಂಭಿಸಿ, ಅದಕ್ಕಾಗಿ 75,021 ಕೋಟಿ ರೂಪಾಯಿಗಳನ್ನು ಗೊತ್ತುಮಾಡಿತು. ಮೂರು ಕಿಲೋವಾಟ್ ಅಥವಾ ಅದಕ್ಕೆ ಮೇಲ್ಪಟ್ಟ ಸಲಕರಣೆಯನ್ನು ಹಾಕಿಸಿಕೊಂಡ ಮನೆಗೆ 78,000 ರೂಪಾಯಿಗಳ ಸಹಾಯಧನ ದೊರೆಯುವಂತೆ ಅದರಲ್ಲಿ ಏರ್ಪಾಡಾಯಿತು. ಮುಂಬಯಿ, ಪುಣೆಗಳ ಹೋಟೆಲುಗಳಲ್ಲಿಯೂ ಚೆನ್ನೈ, ಹೈದರಾಬಾದು, ದೆಹಲಿಗಳ ಕಚೇರಿಗಳಲ್ಲಿಯೂ ದುಡಿದು ಊರಿಗೆ ಹಣ ಕಳುಹಿಸುವ ನಮ್ಮ ವಾಚಕರು, ಊರಿನ ಮನೆಗೆ ಇಂತಹದೊಂದನ್ನು ಹಾಕಿಸಬೇಕೆ ಬೇಡವೆ ಎಂದು ಮನೆಯವರೊಡನೆ ವಿಚಾರ ಮಾಡುವ ಕಾಲವಿದು. ಇನ್ನೊಂದು ಕಡೆಯಲ್ಲಿ, ಇದೇ ವಾಚಕರ ಮಕ್ಕಳು ಇಂಜಿನಿಯರಿಂಗ್ ಓದಿ ಸಾಫ್ಟ್‌ವೇರ್ ಉದ್ಯೋಗ ಹಿಡಿದವರಾಗಿದ್ದಾರೆ. ಅವರಲ್ಲಿ ಕೆಲವರು ಪ್ರಸಿದ್ಧ ಕಂಪನಿಗಳ ಭದ್ರವಾದ ಸಂಬಳವನ್ನು ಬಿಟ್ಟು, ಸೌರಶಕ್ತಿ, ಬ್ಯಾಟರಿ, ವಿದ್ಯುತ್ ವಾಹನ ಮೊದಲಾದ ಶುದ್ಧ ಇಂಧನದ ಸಣ್ಣ ಕಂಪನಿಗಳಲ್ಲಿ ಸಾಫ್ಟ್‌ವೇರ್ ವಿಭಾಗದ ಮುಖ್ಯಸ್ಥರಾಗಲು ಮನಸ್ಸು ಮಾಡುತ್ತಿದ್ದಾರೆ. ತಂದೆಯು ಕೊಳ್ಳುವವನು, ಮಗಳು ಮಾಡುವವಳು ಎಂಬ ಸನ್ನಿವೇಶ ಒಂದೇ ಮನೆಯೊಳಗೆ ಒದಗಿಬರುವುದು ಅಸಂಭವವಲ್ಲ. ಆದುದರಿಂದ ಇಬ್ಬರಿಗೂ ಸಂಬಂಧಿಸಿದ ಒಂದು ವಿಷಯವನ್ನು ಇಂದು ಸ್ವಲ್ಪ ವಿಸ್ತಾರವಾಗಿ ಹೇಳಲು ನಾವು ಇಚ್ಛಿಸುತ್ತೇವೆ.

ಸೌರಫಲಕವು ಸ್ವತಃ ಮೂಕ ವಸ್ತು. ಬಿಸಿಲು ಬಿದ್ದರೆ ಡಿ.ಸಿ. ವಿದ್ಯುತ್ತನ್ನು ಕೊಡುವುದು, ಬೀಳದಿದ್ದರೆ ಸುಮ್ಮನಿರುವುದು, ಇಷ್ಟೇ ಅದಕ್ಕೆ ಗೊತ್ತು. ಅದನ್ನು ಮನೆಯ ಫ್ಯಾನಿಗೂ ಮಿಕ್ಸಿಗೂ ಒಗ್ಗುವ ಎ.ಸಿ. ವಿದ್ಯುತ್ತಾಗಿ ಮಾರ್ಪಡಿಸುವ ಪೆಟ್ಟಿಗೆಗೆ ಇನ್ವರ್ಟರ್ ಎಂದು ಹೆಸರು. ಈ ಪೆಟ್ಟಿಗೆಯೊಳಗೆ ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಯಾವಾಗ ಬ್ಯಾಟರಿಯನ್ನು ತುಂಬಬೇಕು, ಯಾವಾಗ ಸರಕಾರದ ತಂತಿಗೆ ವಿದ್ಯುತ್ತನ್ನು ಕೊಡಬೇಕು, ಯಾವಾಗ ಅಪಾಯವೆಂದು ತಿಳಿದು ಎಲ್ಲವನ್ನೂ ನಿಲ್ಲಿಸಬೇಕು ಎಂಬುದನ್ನು ಅದು ತನಗೆ ಬರೆದುಕೊಟ್ಟ ಆಜ್ಞೆಗಳ ಪ್ರಕಾರ ನಿರ್ಣಯಿಸುತ್ತದೆ. ಈ ಆಜ್ಞೆಗಳ ಸಮೂಹವೇ ಸಾಫ್ಟ್‌ವೇರ್. ಇಂದಿನ ಅನೇಕ ಪೆಟ್ಟಿಗೆಗಳು ಮೊಬೈಲ್ ಅಥವಾ ಇಂಟರ್ನೆಟ್ ಮೂಲಕ ತಮ್ಮ ಕಂಪನಿಗೆ ವರದಿಯನ್ನು ಕಳುಹಿಸುತ್ತಿರುತ್ತವೆ, ಅಲ್ಲಿಂದ ಹೊಸ ಆಜ್ಞೆಗಳನ್ನು ಪಡೆಯುತ್ತಲೂ ಇರುತ್ತವೆ.

ಸಣ್ಣ ಕಂಪನಿಗಳಲ್ಲಿ ಹೆಚ್ಚಿನವು ಫಲಕವನ್ನಾಗಲಿ ಬ್ಯಾಟರಿಯ ಕೋಶವನ್ನಾಗಲಿ ತಾವೇ ಮಾಡುವುದಿಲ್ಲ, ಹೊರಗಿನಿಂದ ತರಿಸುತ್ತವೆ. ಅವುಗಳ ಸ್ವಂತದ್ದೆಂದು ಹೇಳಬಹುದಾದುದು ಬಹುಮಟ್ಟಿಗೆ ಈ ಸಾಫ್ಟ್‌ವೇರ್ ಒಂದೇ. ಆದುದರಿಂದ ಅಲ್ಲಿ ಸಾಫ್ಟ್‌ವೇರ್ ಮುಖ್ಯಸ್ಥನ ಸ್ಥಾನ ದೊಡ್ಡ ಕಂಪನಿಯ ಅಧಿಕಾರಿಯ ಸ್ಥಾನದಂತಲ್ಲ. ಐದಾರು ಜನರ ತಂಡವನ್ನು ಕಟ್ಟುವುದು, ತಾನೂ ಕುಳಿತು ಬರೆಯುವುದು, ಸರ್ವರಿನ ಬಾಡಿಗೆಯನ್ನು ಉಳಿಸುವುದು, ಗಿರಾಕಿಯ ದೂರನ್ನು ಕೇಳುವುದು, ಮಾರಾಟದವರು ಕೊಟ್ಟ ಮಾತಿಗೂ ಯಂತ್ರದ ಶಕ್ತಿಗೂ ಹೊಂದಾಣಿಕೆ ಮಾಡುವುದು, ಎಲ್ಲವೂ ಅವನ ತಲೆಯ ಮೇಲೆಯೇ. ಎಂಟು ಮೇಜಿನ ಹೋಟೆಲನ್ನು ನಡೆಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಲ್ಲಾದಲ್ಲಿ ಕುಳಿತವನೇ ಹಾಲಿನವನ ಲೆಕ್ಕ ನೋಡಬೇಕು, ಅಡಿಗೆಯ ಭಟ್ಟರು ರಜೆ ಹಾಕಿದ ದಿನ ಸೌಟನ್ನೂ ಹಿಡಿಯಬೇಕು.

ಆದರೆ ಹೋಟೆಲಿಗೂ ಈ ಕೆಲಸಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಹೋಟೆಲಿನವನು ಬಡಿಸಿದ ಎಲೆಯ ಮೇಲೆ ಗಿರಾಕಿಯ ಅಧಿಕಾರ ಪೂರ್ಣವಾದುದು. ಸಣ್ಣ ಇಂಧನ ಕಂಪನಿಯ ಸಾಫ್ಟ್‌ವೇರ್ ಮುಖ್ಯಸ್ಥನಾದರೋ, ತಾನು ಎಂದೂ ಕಾಣದ ಮನೆಯ ದೀಪವನ್ನು ತನ್ನ ಕುರ್ಚಿಯಲ್ಲಿ ಕುಳಿತೇ ಆರಿಸಬಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ವಿದ್ಯುತ್ತು ಹರಿದಾಗ, ಅದನ್ನು ನಿಲ್ಲಿಸಬೇಕಾದರೆ ಒಬ್ಬ ಮನುಷ್ಯ ಎದ್ದುಹೋಗಿ ಒಂದು ಸ್ವಿಚ್ಚನ್ನು ಎಳೆಯಬೇಕಾಗಿತ್ತು. ಬಿಲ್ಲು ಕಟ್ಟದ ಮನೆಯ ಫ್ಯೂಸು ಕೀಳಲು ಲೈನ್‌ಮನ್ ಬಾಗಿಲಿಗೆ ಬರುತ್ತಿದ್ದ. ಅವನೊಡನೆ ವಾದಿಸಬಹುದಾಗಿತ್ತು, ಎರಡು ದಿನಗಳ ಗಡುವು ಕೇಳಬಹುದಾಗಿತ್ತು, ಮನೆಯಲ್ಲಿ ಬಾಣಂತಿ ಇದ್ದಾಳೆಂದು ಹೇಳಬಹುದಾಗಿತ್ತು. ಪೆಟ್ಟಿಗೆಯೊಳಗಿನ ಆಜ್ಞೆಯೊಡನೆ ವಾದವಿಲ್ಲ. ಅದನ್ನು ಬರೆದವನು ಬರೆಯುವ ದಿನವೇ ಆ ಬಾಣಂತಿಯ ವಿಚಾರ ಮಾಡಿರಬೇಕು. ಮಾಡಿರದಿದ್ದರೆ ಮುಂದೆ ಮಾಡುವವರು ಯಾರೂ ಇಲ್ಲ. ನಮ್ಮ ಇಂದಿನ ವಿಚಾರದ ತಿರುಳು ಇಷ್ಟೆ.

ಈ ಅಧಿಕಾರ ಕೆಡುಕಿನದೇ ಎಂದು ನಾವು ಹೇಳುವುದಿಲ್ಲ. ಅದರಿಂದ ಬಡವರಿಗೆ ಆದ ಉಪಕಾರವನ್ನು ಮೊದಲು ಒಪ್ಪಿಕೊಳ್ಳಬೇಕು. ಆಫ್ರಿಕದ ಕೀನ್ಯಾ ದೇಶದಲ್ಲಿ 2007ರಲ್ಲಿ ಮೊಬೈಲ್ ಮೂಲಕ ಹಣ ಕಳುಹಿಸುವ ‘ಎಂ-ಪೆಸಾ’ ಪದ್ಧತಿ ಆರಂಭವಾಯಿತು. ಅದನ್ನು ಆಧರಿಸಿ 2012ರಲ್ಲಿ ‘ಎಂ-ಕೋಪಾ’ ಎಂಬ ಕಂಪನಿಯು ಹಳ್ಳಿಯ ಮನೆಗಳಿಗೆ ಸೌರದೀಪವನ್ನು ಕಂತಿನ ಮೇಲೆ ಮಾರತೊಡಗಿತು. ಮೊದಲು ಸ್ವಲ್ಪ ಮುಂಗಡ, ಆ ಮೇಲೆ ದಿನಕ್ಕೆ ಸುಮಾರು 50 ಶಿಲಿಂಗಿನಂತೆ ಒಂದು ವರ್ಷದ ಕಂತು. ಪೆಟ್ಟಿಗೆಯೊಳಗೆ ಮೊಬೈಲ್ ಸಿಮ್ ಇದ್ದು, ಕಂತು ಬಂದರೆ ದೀಪ ಉರಿಯುವುದು, ನಿಂತರೆ ಬೀಗ ಬೀಳುವುದು. ಬ್ಯಾಂಕಿನ ಮೆಟ್ಟಿಲು ಹತ್ತದ, ಜಾಮೀನು ಕೊಡಲಾರದ ಕುಟುಂಬಗಳಿಗೆ ಕಂಪನಿಯು ಸಾಲ ಕೊಡಲು ಧೈರ್ಯ ಮಾಡಿದ್ದು ಈ ಬೀಗದ ಬಲದಿಂದಲೇ. ಸೀಮೆಎಣ್ಣೆಗೆಂದು ದಿನವೂ ತೆರುತ್ತಿದ್ದ ಹಣ ಇತ್ತ ತಿರುಗಿ, ವರ್ಷದ ಕೊನೆಗೆ ದೀಪ ಸ್ವಂತದ್ದಾಯಿತು.

ನಮ್ಮ ನಾಡಿನಲ್ಲಿಯೂ ಇದರ ಉದಾಹರಣೆಯುಂಟು. ಬೆಂಗಳೂರಿನಲ್ಲಿ ಹುಟ್ಟಿದ ‘ಸಿಂಪಾ ನೆಟ್‌ವರ್ಕ್ಸ್’ ಎಂಬ ಸಣ್ಣ ಕಂಪನಿಯು 2010ರ ದಶಕದ ಆರಂಭದಲ್ಲಿ ಇಂತಹದೇ ಪದ್ಧತಿಯನ್ನು ಕರ್ನಾಟಕದಲ್ಲಿ ಪರೀಕ್ಷಿಸಿ, ಅನಂತರ ಉತ್ತರ ಪ್ರದೇಶದ ಹಳ್ಳಿಗಳಿಗೆ ಒಯ್ದಿತು. ಗಿರಾಕಿಯು ಹಣ ಕಟ್ಟಿದೊಡನೆ ಅವನ ಮೊಬೈಲಿಗೆ ಕೆಲವು ಅಂಕಿಗಳು ಬರುತ್ತಿದ್ದವು. ಪೆಟ್ಟಿಗೆಯ ಗುಂಡಿಗಳನ್ನು ಒತ್ತಿ ಆ ಅಂಕಿಗಳನ್ನು ಕೊಟ್ಟರೆ ದೀಪ ಉರಿಯುತ್ತಿತ್ತು. ಪೂರ್ತಿ ಬೆಲೆ ಸಂದಾಯವಾದ ದಿನ ಬೀಗ ಶಾಶ್ವತವಾಗಿ ಬಿಚ್ಚಿಕೊಳ್ಳುತ್ತಿತ್ತು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಅಂಕಿಗಳನ್ನು ಪರೀಕ್ಷಿಸುವ ಕೆಲಸವನ್ನು ಪೆಟ್ಟಿಗೆಯೇ ಮಾಡುತ್ತಿದ್ದುದರಿಂದ ಅದಕ್ಕೆ ಸ್ವತಃ ಮೊಬೈಲ್ ಸಂಪರ್ಕ ಬೇಕಾಗಿರಲಿಲ್ಲ. ಸಂಪರ್ಕ ಸಿಕ್ಕದ ಹಳ್ಳಿಯ ಸ್ಥಿತಿಯನ್ನು ತಿಳಿದವರು ಮಾತ್ರ ಹೀಗೆ ಯೋಚಿಸಬಲ್ಲರು. 2018ರಲ್ಲಿ ಈ ಕಂಪನಿಯನ್ನು ಫ್ರಾನ್ಸಿನ ‘ಎಂಜೀ’ ಎಂಬ ಭಾರಿ ಸಂಸ್ಥೆ ಕೊಂಡಿತು. ಸಣ್ಣ ಕಂಪನಿಗಳ ಆಯುಷ್ಯವೇ ಹೀಗೆ: ಒಂದೋ ಬೆಳೆಯುತ್ತವೆ, ಒಂದೋ ಮಾರಾಟವಾಗುತ್ತವೆ, ಇಲ್ಲವೆ ಮುಚ್ಚುತ್ತವೆ. ಗಿರಾಕಿಯ ಮನೆಯ ಪೆಟ್ಟಿಗೆಯಾದರೋ ಹಲವು ವರ್ಷ ಅಲ್ಲಿಯೇ ಇರಬೇಕಾದುದು.

ಈ ಅಧಿಕಾರದ ಗಾತ್ರವೆಷ್ಟೆಂಬುದನ್ನು ಅರಿಯಲು ವಿದೇಶದ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಜರ್ಮನಿಯ ವಿದ್ಯುತ್ ಜಾಲದ ಆವರ್ತನ ನಮ್ಮ ದೇಶದಂತೆಯೇ 50 ಹರ್ಟ್ಸ್. ಉತ್ಪತ್ತಿ ಹೆಚ್ಚಾದರೆ ಅದು ಏರುತ್ತದೆ, ಬಳಕೆ ಹೆಚ್ಚಾದರೆ ಇಳಿಯುತ್ತದೆ. ಆವರ್ತನವು 50.2 ಹರ್ಟ್ಸ್ ಮುಟ್ಟಿದೊಡನೆ ಸೌರ ಇನ್ವರ್ಟರುಗಳು ಜಾಲದಿಂದ ಕಳಚಿಕೊಳ್ಳತಕ್ಕದ್ದೆಂದು ಅಲ್ಲಿ ಹಿಂದೆ ನಿಯಮವಿತ್ತು. ಸೌರಫಲಕಗಳು ವಿರಳವಾಗಿದ್ದಾಗ ಅದರಿಂದ ಬಾಧಕವಿರಲಿಲ್ಲ. ಆದರೆ 2011ರ ಕೊನೆಗೆ ಆ ದೇಶದ ಸೌರವಿದ್ಯುತ್ತಿನ ಸಾಮರ್ಥ್ಯ ಸುಮಾರು 25,000 ಮೆಗಾವಾಟಿಗೆ ಬೆಳೆದಿತ್ತು. ಯುರೋಪಿನ ಜಾಲ ತಟ್ಟನೆ ಕಳೆದುಕೊಂಡರೂ ತಾಳಿಕೊಳ್ಳುವಂತೆ ಸಿದ್ಧವಾಗಿದ್ದುದು ಸುಮಾರು 3,000 ಮೆಗಾವಾಟಿಗೆ ಮಾತ್ರ. ಬಿಸಿಲಿನ ಒಂದು ಮಧ್ಯಾಹ್ನ ಆವರ್ತನ ಆ ಗೆರೆಯನ್ನು ಮುಟ್ಟಿದರೆ, ಲಕ್ಷಾಂತರ ಪೆಟ್ಟಿಗೆಗಳು ಒಂದೇ ಕ್ಷಣದಲ್ಲಿ ಕಳಚಿಕೊಂಡು ಖಂಡವೇ ಕತ್ತಲಲ್ಲಿ ಮುಳುಗುವ ಸಂಭವವಿತ್ತು. ಪ್ರತಿಯೊಂದು ಪೆಟ್ಟಿಗೆಯೂ ನಿಯಮದಂತೆ ಸರಿಯಾಗಿಯೇ ನಡೆಯುತ್ತಿತ್ತು. ಎಲ್ಲವೂ ಕೂಡಿದಾಗ ಅನರ್ಥವಾಗುತ್ತಿತ್ತು. ಒಬ್ಬ ಮಾಣಿ ಊಟಕ್ಕೆ ಎದ್ದರೆ ಹೋಟೆಲು ನಡೆಯುತ್ತದೆ. ಎಲ್ಲ ಮಾಣಿಗಳೂ ಒಂದೇ ಗಂಟೆಗೆ ಎದ್ದರೆ ಗತಿಯೇನು? 2012ರಲ್ಲಿ ಜರ್ಮನ್ ಸರಕಾರ ಆಜ್ಞೆ ಹೊರಡಿಸಿ, ಸುಮಾರು 3,15,000 ಸೌರ ಸ್ಥಾವರಗಳನ್ನು ಸರಿಪಡಿಸುವಂತೆ ವಿಧಿಸಬೇಕಾಯಿತು. ಕುಶಲ ಕೆಲಸಗಾರರು ಸ್ಥಾವರದಿಂದ ಸ್ಥಾವರಕ್ಕೆ ಹೋಗಿ ಈ ಕೆಲಸ ಮಾಡಲು ವರ್ಷಗಳೇ ಹಿಡಿದವು.

ಇದಕ್ಕೆ ಪ್ರತಿಯಾಗಿ ಅಮೆರಿಕದ ಹವಾಯಿ ದ್ವೀಪಗಳ ಸಂಗತಿಯನ್ನು ನೋಡೋಣ. ಅಲ್ಲಿಯೂ ಸೌರವಿದ್ಯುತ್ತು ಮಿತಿಮೀರಿ ಬೆಳೆದು, ಜಾಲ ಸ್ವಲ್ಪ ಕದಲಿದರೂ ಇನ್ವರ್ಟರುಗಳು ಕಳಚಿಕೊಳ್ಳುವ ಭಯ ಹುಟ್ಟಿತ್ತು. ಅಲ್ಲಿನ ಮನೆಗಳಲ್ಲಿ ‘ಎನ್‌ಫೇಸ್’ ಎಂಬ ಕಂಪನಿಯ ಸಣ್ಣ ಇನ್ವರ್ಟರುಗಳು ಬಹುಸಂಖ್ಯೆಯಲ್ಲಿದ್ದವು. ಆ ಕಂಪನಿಯವರು 2015ರ ಆರಂಭದಲ್ಲಿ, ಒಂದೇ ದಿನದಲ್ಲಿ, ಸುಮಾರು 8 ಲಕ್ಷ ಇನ್ವರ್ಟರುಗಳ ವ್ಯವಸ್ಥೆಯನ್ನು ದೂರದಿಂದಲೇ ಬದಲಾಯಿಸಿದರು. ಯಾರ ಮನೆಯ ಏಣಿಯನ್ನೂ ಯಾರೂ ಹತ್ತಲಿಲ್ಲ. ಜರ್ಮನಿಯಲ್ಲಿ ವರ್ಷಗಳು ಹಿಡಿದ ಬಗೆಯ ಕೆಲಸ ಇಲ್ಲಿ ಒಂದು ಹಗಲಿನಲ್ಲಿ ಮುಗಿಯಿತು.

ಇದನ್ನು ಕೇಳಿ ಆಶ್ಚರ್ಯಪಡುವುದು ಸಹಜ, ಮೆಚ್ಚುವುದೂ ಯುಕ್ತ. ಆದರೆ ಮೆಚ್ಚಿಗೆಯ ಬೆನ್ನಿಗೇ ಒಂದು ಭಯವೂ ಹುಟ್ಟಬೇಕು. ಒಂದು ದಿನದಲ್ಲಿ ಎಂಟು ಲಕ್ಷ ಪೆಟ್ಟಿಗೆಗಳನ್ನು ಸರಿಪಡಿಸಬಲ್ಲ ಕೈಯೇ ಒಂದು ದಿನದಲ್ಲಿ ಎಂಟು ಲಕ್ಷ ಪೆಟ್ಟಿಗೆಗಳನ್ನು ಕೆಡಿಸಲೂ ಬಲ್ಲದು. ಇದು ಕೇವಲ ಊಹೆಯೆಂದು ತಿಳಿಯಬಾರದು. 2024ರ ಜುಲೈ 19ರಂದು ‘ಕ್ರೌಡ್‌ಸ್ಟ್ರೈಕ್’ ಎಂಬ ಕಂಪನಿಯು ಕಳುಹಿಸಿದ ಒಂದು ದೋಷಪೂರ್ಣ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರುಗಳು ನಿಂತುಹೋದವು. ನಮ್ಮ ದೇಶದಲ್ಲಿಯೇ ವಿಮಾನ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸು ಕೊಡಬೇಕಾಗಿ ಬಂದುದನ್ನು ವಾಚಕರು ಮರೆತಿರಲಾರರು. ಕೆಟ್ಟ ಆಜ್ಞೆ ನಿಮಿಷಗಳಲ್ಲಿ ಹರಡಿತು. ಅದನ್ನು ತೆಗೆಯಲು ಅನೇಕ ಕಡೆಗಳಲ್ಲಿ ಮನುಷ್ಯರು ಒಂದೊಂದೇ ಕಂಪ್ಯೂಟರಿನ ಮುಂದೆ ಹೋಗಿ ಕೂರಬೇಕಾಯಿತು.

ಹಾಗಾದರೆ ಈ ಅಧಿಕಾರವನ್ನು ಹಿಡಿದವನ ಧರ್ಮವೇನು? ನಮ್ಮ ಅಭಿಪ್ರಾಯದಲ್ಲಿ ಅದು ನಾಲ್ಕು ಬಗೆಯದು.

ಮೊದಲನೆಯದು, ಸಂಪರ್ಕ ಕಡಿದಾಗ ದೀಪ ಉರಿಯುವ ಪಕ್ಷವನ್ನೇ ಹಿಡಿಯುವುದು. ಮಳೆಗಾಲದಲ್ಲಿ ಮೊಬೈಲ್ ಗೋಪುರ ಕೆಟ್ಟಿತು, ಕಂಪನಿಯ ಸರ್ವರ್ ನಿಂತಿತು, ಪೆಟ್ಟಿಗೆಯ ಬ್ಯಾಟರಿ ಪೂರ್ತಿ ಬರಿದಾಗಿ ಅದರ ಗಡಿಯಾರವೇ ತಪ್ಪಿತು ಎಂದಿಟ್ಟುಕೊಳ್ಳೋಣ. ಗಿರಾಕಿ ಹಣ ಕಟ್ಟಿದ್ದಾನೆಯೋ ಇಲ್ಲವೋ ಪೆಟ್ಟಿಗೆಗೆ ತಿಳಿಯದು. ತಿಳಿಯದಿದ್ದಾಗ ಬೀಗ ಹಾಕು ಎಂದು ಬರೆಯುವುದು ಸುಲಭ. ತಿಳಿಯದಿದ್ದಾಗ ಕೆಲವು ದಿನ ಉರಿಯಗೊಡು ಎಂದು ಬರೆದರೆ ಕಂಪನಿಗೆ ಸ್ವಲ್ಪ ನಷ್ಟವಾಗಬಹುದು. ಆದರೆ ಕಂಪನಿಯ ತಪ್ಪಿಗೂ ದೈವದ ತಪ್ಪಿಗೂ ಗಿರಾಕಿಯ ಮನೆಯನ್ನು ಕತ್ತಲು ಮಾಡುವುದು ಸರ್ವಥಾ ನ್ಯಾಯವಲ್ಲ. ವಿದ್ಯುತ್ತಿನಿಂದ ಪ್ರಾಣಾಪಾಯ ಒದಗುವ ಸಂದರ್ಭ ಮಾತ್ರ ಇದಕ್ಕೆ ಅಪವಾದ. ಅಲ್ಲಿ ತತ್‌ಕ್ಷಣ ನಿಲ್ಲಿಸುವುದೇ ಧರ್ಮ.

ಎರಡನೆಯದು, ಬದಲಾವಣೆಯನ್ನು ಸ್ವಲ್ಪಸ್ವಲ್ಪವಾಗಿ ಮಾಡುವುದು, ಹಿಂದಿರುಗುವ ದಾರಿಯನ್ನು ಉಳಿಸಿಕೊಳ್ಳುವುದು. ಹೊಸ ಸಾಂಬಾರಿನ ರುಚಿಯನ್ನು ಭಟ್ಟರು ಮೊದಲು ಅಂಗೈಗೆ ಹಾಕಿಕೊಂಡು ನೋಡುತ್ತಾರೆಯೇ ಹೊರತು ಮುನ್ನೂರು ಎಲೆಗೆ ಬಡಿಸಿ ನೋಡುವುದಿಲ್ಲ. ಹೊಸ ಆಜ್ಞೆಯನ್ನು ಮೊದಲು ಕಂಪನಿಯ ಸ್ವಂತ ಪೆಟ್ಟಿಗೆಗಳಿಗೆ, ಅನಂತರ ಹತ್ತು ಮನೆಗಳಿಗೆ, ಆ ಮೇಲೆ ನೂರು ಮನೆಗಳಿಗೆ ಕಳುಹಿಸಿ ಕಾದು ನೋಡತಕ್ಕದ್ದು. ಪೆಟ್ಟಿಗೆಯೊಳಗೆ ಹಳೆಯ ಸಾಫ್ಟ್‌ವೇರಿನ ಪ್ರತಿಯೊಂದು ಸದಾ ಇರಬೇಕು. ಹೊಸದು ಎದ್ದು ನಿಲ್ಲದಿದ್ದರೆ ಪೆಟ್ಟಿಗೆಯು ಯಾರ ಅಪ್ಪಣೆಗೂ ಕಾಯದೆ ಹಳೆಯದಕ್ಕೆ ಮರಳಬೇಕು. ಸಣ್ಣ ಕಂಪನಿಯಲ್ಲಿ ಇದಕ್ಕೆ ಪುರುಸೊತ್ತೆಲ್ಲಿ ಎಂಬ ಮಾತು ಬರುತ್ತದೆ. ಗುಡ್ಡದ ಮೇಲಿನ ಐನೂರು ಮನೆಗಳಿಗೆ ಕೆಲಸಗಾರರನ್ನು ಕಳುಹಿಸುವ ಖರ್ಚನ್ನು ಸಣ್ಣ ಕಂಪನಿಯೇ ತಾಳಲಾರದು ಎಂಬುದು ಅದಕ್ಕೆ ಉತ್ತರ.

ಮೂರನೆಯದು, ಸ್ಥಳದಲ್ಲಿರುವ ಮನುಷ್ಯನನ್ನು ನಂಬುವುದು. ಇದನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ಒಂದು ಉದಾಹರಣೆ ಸಾಕು. 2019ರ ಆಗಸ್ಟ್ 9ರ ಸಂಜೆ ಅಲ್ಲಿ ವಿದ್ಯುತ್ ಜಾಲದ ಆವರ್ತನ 48.8 ಹರ್ಟ್ಸಿಗೆ ಕುಸಿದು ಸುಮಾರು 11 ಲಕ್ಷ ಗಿರಾಕಿಗಳಿಗೆ ವಿದ್ಯುತ್ತು ಹೋಯಿತು. ಒಂದು ಗಂಟೆಯೊಳಗಾಗಿ ವಿದ್ಯುತ್ತು ಹಿಂದಿರುಗಿತು. ಆದರೆ ಲಂಡನ್ನಿನ ಸುತ್ತಮುತ್ತ ಒಂದು ಬಗೆಯ ರೈಲುಗಳು ಹಳಿಯ ಮೇಲೆಯೇ ನಿಂತವು. ಅವುಗಳಲ್ಲಿ ಅನೇಕ ರೈಲುಗಳಿಗೆ ಹೊಸ ಸಾಫ್ಟ್‌ವೇರ್ ಹಾಕಲಾಗಿತ್ತು. ಅದರ ಪ್ರಕಾರ ಚಾಲಕನು ತಾನೇ ರೈಲನ್ನು ಪುನಃ ಚಾಲೂ ಮಾಡುವಂತಿರಲಿಲ್ಲ. ಲ್ಯಾಪ್‌ಟಾಪ್ ಹಿಡಿದ ತಂತ್ರಜ್ಞನು ಪ್ರತಿಯೊಂದು ರೈಲಿನ ಬಳಿಗೆ ಬರುವ ತನಕ ಜನ ಗಂಟೆಗಟ್ಟಲೆ ಕಾಯಬೇಕಾಯಿತು. ವರ್ಷಗಟ್ಟಲೆ ಆ ಕೆಲಸ ಮಾಡಿದ ಚಾಲಕನ ಕೈಯಿಂದ ಗುಂಡಿಯನ್ನು ಕಸಿದುಕೊಂಡುದರ ಫಲವಿದು. ಮಾಡಿನ ಮೇಲೆ ಹತ್ತುವ ಹುಡುಗನಿಗೆ, ಹಳ್ಳಿಯ ದುರಸ್ತಿಯವನಿಗೆ, ಕೊನೆಗೆ ಮನೆಯ ಗೃಹಿಣಿಗೆ ಕೂಡ, ಸುರಕ್ಷಿತವಾಗಿ ಮಾಡಬಹುದಾದಷ್ಟನ್ನು ಮಾಡಲು ಅವಕಾಶ ಇರಬೇಕು. ಅದಕ್ಕಾಗಿ ಸಾಫ್ಟ್‌ವೇರ್ ಮುಖ್ಯಸ್ಥನು ವರ್ಷದಲ್ಲಿ ಕೆಲವು ದಿನಗಳನ್ನಾದರೂ ಆ ಹುಡುಗನ ಜೊತೆಯಲ್ಲಿ ಬಿಸಿಲಿನಲ್ಲಿ ಕಳೆಯಬೇಕು. ಪರದೆಯ ಮೇಲಿನ ಅಕ್ಷರ ಬಿಸಿಲಿಗೆ ಕಾಣುವುದಿಲ್ಲವೆಂಬುದು ಕಚೇರಿಯಲ್ಲಿ ಕುಳಿತವನಿಗೆ ಹೇಗೆ ತಿಳಿಯಬೇಕು? ಕನ್ನಡ ಮಾತ್ರ ಬಲ್ಲ ಅಜ್ಜಿಗೆ ಇಂಗ್ಲಿಷಿನ ಎಚ್ಚರಿಕೆಯಿಂದ ಏನು ಪ್ರಯೋಜನ?

ಈ ವಿಷಯದಲ್ಲಿ ‘ಸೆಲ್ಕೋ’ ಸಂಸ್ಥೆಯನ್ನು ಸ್ಮರಿಸುವುದು ಉಚಿತ. 1995ರಲ್ಲಿ ಆರಂಭವಾದ ಈ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಸೌರದೀಪ ಹಾಕುತ್ತ ಬಂದುದು, ಬ್ಯಾಂಕುಗಳಿಂದ ಬಡವರಿಗೆ ಸಾಲ ಕೊಡಿಸುವ ಹಾಗೂ ದುರಸ್ತಿಯ ಶಾಖೆಯನ್ನು ಗಿರಾಕಿಯ ಸಮೀಪದಲ್ಲಿಯೇ ಇಡುವ ನೀತಿಯಿಂದ. ಅದರ ಸ್ಥಾಪಕರಲ್ಲೊಬ್ಬರಾದ ಶ್ರೀ ಹರೀಶ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೇಸೇ ಪ್ರಶಸ್ತಿ ಸಂದುದು ನಮಗೆಲ್ಲ ಹೆಮ್ಮೆಯ ವಿಷಯ. ಸಾಫ್ಟ್‌ವೇರ್ ಎಷ್ಟೇ ಚುರುಕಾದರೂ, ಕರೆದರೆ ಬರುವ ಮನುಷ್ಯನ ಸ್ಥಾನವನ್ನು ಅದು ತುಂಬಲಾರದೆಂಬ ಪಾಠ ಅವರ ಕೆಲಸದಲ್ಲಿದೆ.

ನಾಲ್ಕನೆಯದು, ಕಂಪನಿ ಇಲ್ಲವಾದ ಮೇಲೂ ದೀಪ ಉರಿಯುವಂತೆ ನೋಡಿಕೊಳ್ಳುವುದು. ಅಮೆರಿಕದ ‘ಫಿಸ್ಕರ್’ ಎಂಬ ವಿದ್ಯುತ್ ಕಾರಿನ ಕಂಪನಿ 2024ರ ಜೂನ್ ತಿಂಗಳಲ್ಲಿ ದಿವಾಳಿಯೆದ್ದಿತು. ಉಳಿದಿದ್ದ ಮೂರು ಸಾವಿರಕ್ಕೂ ಹೆಚ್ಚು ಕಾರುಗಳನ್ನು ನ್ಯೂಯಾರ್ಕಿನ ಬಾಡಿಗೆ ಕಾರಿನ ಸಂಸ್ಥೆಯೊಂದು ಕೊಳ್ಳಲು ಒಪ್ಪಿಕೊಂಡಿತು. ಅನಂತರ ತಿಳಿದುಬಂದುದೇನೆಂದರೆ, ಆ ಕಾರುಗಳ ಮಾಹಿತಿಯನ್ನು ಫಿಸ್ಕರಿನ ಸರ್ವರಿನಿಂದ ಬೇರೊಂದು ಸರ್ವರಿಗೆ ವರ್ಗಾಯಿಸುವುದು ಸಾಧ್ಯವಿಲ್ಲವೆಂದು! ಕಾರು ಕೊಂಡವನದು, ಕಾರಿನ ಜೀವ ಮಾತ್ರ ಸತ್ತ ಕಂಪನಿಯ ಯಂತ್ರದಲ್ಲಿ. ಕೊನೆಗೆ ಪರಸ್ಪರ ಒಪ್ಪಂದವಾಯಿತಾದರೂ ವಿಷಯ ನ್ಯಾಯಾಲಯದ ತನಕ ಹೋಯಿತು. ಬಿಡಿಬಿಡಿಯಾಗಿ ಕಾರು ಕೊಂಡಿದ್ದವರು ಸಂಘ ಕಟ್ಟಿಕೊಂಡು ತಮ್ಮ ಕಾರುಗಳನ್ನು ತಾವೇ ಕಾಪಾಡಿಕೊಳ್ಳಬೇಕಾಯಿತು.

ಕಚೇರಿಯಲ್ಲಿ ಗುಮಾಸ್ತನೊಬ್ಬನಿಗೆ ವರ್ಗವಾದರೆ, ಅವನು ಫೈಲುಗಳ ಪಟ್ಟಿ ಮಾಡಿ, ಬೀಗದ ಕೈಗಳನ್ನು ಎಣಿಸಿ, ಮುಂದಿನವನಿಗೆ ಚಾರ್ಜು ಒಪ್ಪಿಸದೆ ಕದಲುವಂತಿಲ್ಲ. ಕಂಪನಿ ತೀರಿಕೊಳ್ಳುವಾಗಲೂ ಇಂತಹದೇ ಚಾರ್ಜು ಒಪ್ಪಿಸುವ ಕ್ರಮ ಬೇಕು. ಯಾವ ಬೀಗವನ್ನು ಹೇಗೆ ಬಿಚ್ಚಬೇಕೆಂಬ ವಿವರವನ್ನು ಬರೆದು ಒಬ್ಬ ಮೂರನೆಯವನ ವಶದಲ್ಲಿ ಇಟ್ಟಿರಬೇಕು. ಕಂಪನಿ ಮುಚ್ಚಿದ ದಿನ ಎಲ್ಲ ಬೀಗಗಳೂ ಬಿಚ್ಚಿಕೊಳ್ಳುವಂತೆ ಏರ್ಪಾಡಿರಬೇಕು. ಇದು ಆಗದ ಮಾತೇನೂ ಅಲ್ಲ. ಕಂತಿನ ಸೌರದೀಪಗಳಿಗೆ ಬೇಕಾದ ಬೀಗದ ಅಂಕಿಗಳ ವಿಧಾನವೊಂದನ್ನು ‘ಸೊಲಾರಿಸ್ ಆಫ್‌ಗ್ರಿಡ್’ ಎಂಬ ಸಂಸ್ಥೆ ‘ಓಪನ್‌ಪೇಗೋ ಟೋಕನ್’ ಎಂಬ ಹೆಸರಿನಲ್ಲಿ ಎಲ್ಲರೂ ಬಳಸುವಂತೆ ಬಹಿರಂಗಪಡಿಸಿದೆ. ಇಂತಹ ಬಹಿರಂಗ ವಿಧಾನವನ್ನು ಅನುಸರಿಸಿದರೆ, ಒಬ್ಬನು ಅಂಗಡಿ ಮುಚ್ಚಿದರೂ ಅವನ ಗಿರಾಕಿಗಳನ್ನು ಇನ್ನೊಬ್ಬನು ವಹಿಸಿಕೊಳ್ಳುವುದು ಸುಲಭವಾಗುತ್ತದೆ. ಐದಾರು ಜನರ ತಂಡದಲ್ಲಿ ಒಬ್ಬನು ಕೆಲಸ ಬಿಟ್ಟರೆ ಅವನ ತಲೆಯಲ್ಲಿದ್ದ ವಿದ್ಯೆಯೂ ಅವನ ಹಿಂದೆಯೇ ಹೊರಟುಹೋಗುತ್ತದೆ. ಆದುದರಿಂದ ಬರೆದಿಡುವ ಶಿಸ್ತು ದೊಡ್ಡ ಕಂಪನಿಗಿಂತ ಸಣ್ಣ ಕಂಪನಿಗೆ ಹೆಚ್ಚು ಅವಶ್ಯ.

ಇದಕ್ಕೆ ಆಕ್ಷೇಪಣೆ ಇಲ್ಲದೆ ಇಲ್ಲ. ಕಂಪನಿ ಬದುಕಿದರೆ ತಾನೆ ಈ ಧರ್ಮವೆಲ್ಲ? ಬಂಡವಾಳ ಹಾಕಿದವರು ಲಾಭ ಕೇಳುತ್ತಾರೆ, ಪ್ರತಿಸ್ಪರ್ಧಿಯು ಬಾಗಿಲಲ್ಲೇ ನಿಂತಿದ್ದಾನೆ, ಬೀಗವನ್ನು ಸಡಿಲ ಬಿಟ್ಟರೆ ಕಂತು ನಿಲ್ಲಿಸುವವರು ಹೆಚ್ಚುತ್ತಾರೆ ಎಂದು ವ್ಯವಹಾರ ಬಲ್ಲವರು ಹೇಳಬಹುದು. ಈ ಮಾತಿನಲ್ಲಿ ಸತ್ಯವಿದೆ. ಸಾಲ ಮುಳುಗಿದರೆ ನಾಳೆಯ ಬಡವನಿಗೆ ಸಾಲ ಹುಟ್ಟುವುದಿಲ್ಲ. ಆದುದರಿಂದ ಬೀಗವೇ ಕೂಡದೆಂದು ನಾವು ಹೇಳುವುದಿಲ್ಲ. ನಮ್ಮ ವಾದವಿರುವುದು ಬೀಗದ ರೀತಿಯ ಬಗ್ಗೆ. ಹೋಟೆಲಿನಲ್ಲಿ ಉದ್ದರಿಯ ಖಾತೆ ಇಟ್ಟ ಗಿರಾಕಿಯು ತಿಂಗಳಾದರೂ ಹಣ ಕೊಡದಿದ್ದರೆ ಮೊದಲು ನೆನಪಿಸುತ್ತೇವೆ, ಆ ಮೇಲೆ ಎಚ್ಚರಿಸುತ್ತೇವೆ, ಕೊನೆಗೆ ನಾಳೆಯಿಂದ ಉದ್ದರಿ ಇಲ್ಲವೆನ್ನುತ್ತೇವೆ. ತಿನ್ನುತ್ತಿರುವವನ ಮುಂದಿನ ಎಲೆಯನ್ನು ಯಾವ ಮರ್ಯಾದಸ್ಥನೂ ಎಳೆಯುವುದಿಲ್ಲ. ಈ ನೆನಪು, ಈ ಎಚ್ಚರಿಕೆ, ಈ ಗಡುವು, ಆಸ್ಪತ್ರೆ ಹೆರಿಗೆಗಳಂತಹ ಕಾಲದಲ್ಲಿ ತೋರಬೇಕಾದ ಸೈರಣೆ, ಇವೆಲ್ಲವನ್ನೂ ಸಾಫ್ಟ್‌ವೇರಿನಲ್ಲಿ ಬರೆಯಬಹುದು. ಬರೆಯಬೇಕೆಂದು ಹಟ ಹಿಡಿಯುವ ಒಬ್ಬ ಮನುಷ್ಯ ಆ ಕೋಣೆಯಲ್ಲಿರಬೇಕು, ಅಷ್ಟೆ. ಮಾಲಿಕನು ಬೇಡವೆಂದರೂ ವಿನಯದಿಂದ, ಲೆಕ್ಕ ಸಮೇತವಾಗಿ, ಎರಡನೆಯ ಸಲವೂ ಹೇಳುವ ಧೈರ್ಯ ಆ ಮುಖ್ಯಸ್ಥನಿಗೆ ಇರತಕ್ಕದ್ದು.

ಕೊಳ್ಳುವವರಾದ ನಮ್ಮ ವಾಚಕರಿಗೂ ಒಂದು ಮಾತು. ಊರಿನ ಮನೆಗೆ ಸೌರಫಲಕವನ್ನಾಗಲಿ ವಿದ್ಯುತ್ ಸ್ಕೂಟರನ್ನಾಗಲಿ ಕೊಳ್ಳುವ ಮುಂಚೆ ಬೆಲೆಯನ್ನೂ ಗ್ಯಾರಂಟಿಯ ವರ್ಷಗಳನ್ನೂ ಕೇಳುವುದು ನಿಮಗೆ ರೂಢಿಯೇ. ಅವುಗಳ ಜೊತೆಗೆ ಇನ್ನು ಮೂರು ಪ್ರಶ್ನೆಗಳನ್ನು ಕೇಳಿರಿ. ಇಂಟರ್ನೆಟ್ ಇಲ್ಲದೆ ಇದು ನಡೆಯುವುದೆ? ಕೆಟ್ಟರೆ ನಮ್ಮ ತಾಲೂಕಿನಲ್ಲಿ ಯಾರು ಬಂದು ನೋಡುವರು? ನಾಳೆ ನಿಮ್ಮ ಕಂಪನಿ ಮುಚ್ಚಿದರೆ ಇದರ ಗತಿಯೇನು? ಉತ್ತರವನ್ನು ಬಾಯಿಮಾತಿನಲ್ಲಿ ಪಡೆಯದೆ ಕಾಗದದ ಮೇಲೆ ಪಡೆಯಿರಿ. ಮಾರುವವನು ತಡವರಿಸಿದರೆ ಬೇರೆ ಅಂಗಡಿಗೆ ಹೋಗಿರಿ. ಹೀಗೆ ಸಾವಿರ ಗಿರಾಕಿಗಳು ಕೇಳಿದರೆ, ಕಂಪನಿಯೊಳಗೆ ಈ ಮಾತನ್ನೇ ಹೇಳುತ್ತಿರುವ ಇಂಜಿನಿಯರನ ಕೈ ಬಲವಾಗುತ್ತದೆ.

ಇನ್ನು ಮಕ್ಕಳ ವಿಚಾರ. ಹೆಸರುವಾಸಿಯಾದ ಕಂಪನಿಯನ್ನು ಬಿಟ್ಟು ಯಾರೂ ಕೇಳರಿಯದ ಸಣ್ಣ ಸಂಸ್ಥೆಗೆ ಹೋಗುತ್ತೇನೆಂದು ಮಗನಾಗಲಿ ಮಗಳಾಗಲಿ ಹೇಳಿದರೆ ತಾಯಿತಂದೆಗಳಿಗೆ ಗಾಬರಿಯಾಗುವುದು ಸ್ವಾಭಾವಿಕ. ಸಂಬಳ ಕಡಿಮೆಯಾಗಬಹುದು, ಕಂಪನಿ ಎರಡು ವರ್ಷಗಳಲ್ಲಿ ಮುಚ್ಚಬಹುದು. ಈ ಭಯ ಸುಳ್ಳಲ್ಲ. ಮನೆಯ ಸಾಲ, ತಂಗಿಯ ಓದು, ತಂದೆಯ ಔಷಧಿ, ಇವುಗಳ ಲೆಕ್ಕವನ್ನು ನೋಡಿಕೊಂಡೇ ಹೆಜ್ಜೆ ಇಡಬೇಕು. ಆದರೆ ಲೆಕ್ಕ ಹೊಂದುವುದಾದರೆ, ಅವರನ್ನು ತಡೆಯಬೇಡಿರೆಂದು ನಾವು ವಿನಂತಿಸುತ್ತೇವೆ. ಹಗಲೆಲ್ಲ ಮುಂಬಯಿಯ ಹೋಟೆಲುಗಳಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಗಳ ಬೆಂಚಿನ ಮೇಲೆ ಓದಿ ಮೇಲೆ ಬಂದವರ ಪರಂಪರೆ ನಮ್ಮದು. ದೀಪವಿಲ್ಲದೆ ಓದುವುದೆಂದರೇನು, ಕೈಯಲ್ಲಿ ಹಣವಿಲ್ಲದ ತಿಂಗಳ ಕೊನೆ ಎಂದರೇನು ಎಂಬುದನ್ನು ನಮ್ಮ ಮನೆಗಳ ಮಕ್ಕಳು ಪುಸ್ತಕದಿಂದ ಕಲಿಯಬೇಕಾಗಿಲ್ಲ. ದೂರದ ಮನೆಯೊಂದರ ದೀಪದ ಕೀಲಿಯನ್ನು ಹಿಡಿಯಲು ಇದಕ್ಕಿಂತ ಹೆಚ್ಚಿನ ಯೋಗ್ಯತಾಪತ್ರ ಬೇರೆ ಯಾವುದಿದ್ದೀತು?

ವಿದ್ಯೆಯಿದ್ದು ಕರುಣೆಯಿಲ್ಲದವರ ಕೈಗೆ ಆ ಕೀಲಿ ಹೋದರೆ, ಸೂರ್ಯನು ಧರ್ಮಾರ್ಥವಾಗಿ ಕೊಟ್ಟ ಬೆಳಕಿಗೂ ಬೀಗ ಬಿದ್ದೀತು. ನಮ್ಮ ತರುಣ ತರುಣಿಯರು ಮುಂದೆ ಬಂದು ಅದನ್ನು ಹಿಡಿಯಲಿ, ಹಿಡಿದ ಕೈ ಸದಾ ಎಚ್ಚರವಾಗಿರಲಿ ಎಂದು ನಾವು ಹಾರೈಸುತ್ತೇವೆ.